ಮೌಂಟನ್ ಬೈಕಿನ ಹಗುರ ಬ್ರೇಕ್ ರೋಟರ್: ತೂಕಕ್ಕೂ ಶಾಖಕ್ಕೂ ಇರುವ ಲೆಕ್ಕ

ಮೌಂಟನ್ ಬೈಕ್ ಕೊಳ್ಳುವ ಗ್ರಾಹಕರು ಬಿಡಿಭಾಗಗಳ ಬೆಲೆಯ ಜೊತೆಗೆ ತೂಕವನ್ನೂ ವಿಚಾರಿಸುವುದುಂಟು. ಹ್ಯಾಂಡಲ್, ಸೀಟು, ಪೆಡಲ್‌ಗಳಲ್ಲಿ ಗ್ರಾಂ ಲೆಕ್ಕದಲ್ಲಿ ಹಗುರ ಮಾಡಿಕೊಂಡವರ ಗಮನ ಕೊನೆಗೆ ಡಿಸ್ಕ್ ಬ್ರೇಕಿನ ರೋಟರ್, ಅಂದರೆ ಹಬ್‌ಗೆ ಬಿಗಿದಿರುವ ಉಕ್ಕಿನ ತಟ್ಟೆಯತ್ತ ಹರಿಯುತ್ತದೆ. ಆದರೆ ಈ ಭಾಗದಲ್ಲಿ ತೂಕವೆಂಬುದು ಕೇವಲ ಹೊರೆಯಲ್ಲ. ಬ್ರೇಕ್ ಹಿಡಿದಾಗ ಹುಟ್ಟುವ ಶಾಖವನ್ನು ತಾಳಿಕೊಳ್ಳುವ ಬಂಡವಾಳವೂ ಅದೇ ಆಗಿದೆ.

ಸವಾರ ಹಾಗೂ ಸೈಕಲ್ ಸೇರಿ 90 ಕಿಲೋಗ್ರಾಂ ಇದ್ದು, ಗಂಟೆಗೆ 36 ಕಿಲೋಮೀಟರ್ ವೇಗದಿಂದ ನಿಲ್ಲಬೇಕಾದರೆ 4,500 ಜೂಲ್ ಶಕ್ತಿ ಶಾಖವಾಗಿ ಮಾರ್ಪಡಬೇಕು. ಅದರಲ್ಲಿ ಮೂರನೇ ಎರಡು ಪಾಲನ್ನು ಮುಂದಿನ ಬ್ರೇಕ್ ಹೊತ್ತಿತೆಂದು ಭಾವಿಸಿದರೆ, 120 ಗ್ರಾಂ ತೂಕದ ಉಕ್ಕಿನ ರೋಟರ್ ಸುಮಾರು 50 ಡಿಗ್ರಿ ಸೆಲ್ಸಿಯಸ್‌ನಷ್ಟು, 80 ಗ್ರಾಂನದು ಸುಮಾರು 75 ಡಿಗ್ರಿಯಷ್ಟು ಕಾವೇರುತ್ತದೆ. ಒಂದು ಸಲಕ್ಕೆ ಇದು ಚಿಂತೆಯ ವಿಷಯವಲ್ಲ. ಆದರೆ ಇದೇ ಸವಾರ 300 ಮೀಟರ್ ಎತ್ತರದಿಂದ ಇಳಿದು ಬಂದರೆ ಕಳೆಯಬೇಕಾದ ಶಕ್ತಿ ಎರಡೂವರೆ ಲಕ್ಷ ಜೂಲ್ ಮೀರುತ್ತದೆ. ಗಾಳಿ ಮತ್ತು ಟೈರು ಒಂದು ಪಾಲನ್ನು ಕಳೆದರೂ ಉಳಿದುದೆಲ್ಲ ಬ್ರೇಕಿಗೇ ಸೇರುತ್ತದೆ. ಆಗ ಪ್ಯಾಡ್‌ಗಳ ಹಿಡಿತ ಕುಗ್ಗುತ್ತದೆ. ಹಳೆಯ ಬ್ರೇಕ್ ಆಯಿಲ್ ಕುದಿದು ಲಿವರ್ ಹ್ಯಾಂಡಲ್‌ಗೆ ತಾಗುವಷ್ಟು ಸಡಿಲವಾಗುತ್ತದೆ. ಡಾಟ್ 4 ದ್ರವದ ಕನಿಷ್ಠ ಕುದಿಬಿಂದು ಹೊಸದಿರುವಾಗ 230 ಡಿಗ್ರಿ. ತೇವ ಹೀರಿದ ಮೇಲೆ 155 ಡಿಗ್ರಿ.

ಇಷ್ಟಕ್ಕೂ ಎರಡು ಚಕ್ರಗಳಿಂದ ಉಳಿಯುವುದು 80 ಗ್ರಾಂ. ಬಾಟಲಿಯಿಂದ ಎರಡು ಮೂರು ಗುಟುಕು ನೀರು ಕುಡಿದರೂ ಅಷ್ಟೇ ಹಗುರವಾಗುತ್ತದೆ.

ಹಾಗೆಂದು ಹಗುರ ರೋಟರ್ ನಿರುಪಯುಕ್ತವಲ್ಲ. ಏರಿಳಿತದ ಹಾದಿಯಲ್ಲಿ ಪಂದ್ಯ ಓಡಿಸುವ, ದೇಹತೂಕ ಕಡಿಮೆಯಿರುವ ಸವಾರನಿಗೆ 160 ಮಿಲಿಮೀಟರ್ ವ್ಯಾಸದ ಹಗುರ ರೋಟರ್ ಸಾಕಾಗುತ್ತದೆ. ಕಡಿದಾದ ಇಳಿಜಾರಿನವರಿಗೆ 200 ಅಥವಾ 203 ಮಿಲಿಮೀಟರ್ ಬೇಕು. ಇವೆರಡರ ನಡುವಿನ ಬಹುಪಾಲು ಗ್ರಾಹಕರಿಗೆ ಮುಂದೆ 180ರ ಸಾಧಾರಣ ರೋಟರ್, ಹಿಂದೆ 160ರ ಹಗುರ ರೋಟರ್ ಸೂಕ್ತ ಜೋಡಿ. 160ರಿಂದ 180ಕ್ಕೆ ಹೋದರೆ ಅದೇ ಬೆರಳಿನ ಒತ್ತಡಕ್ಕೆ ಎಂಟನೇ ಒಂದರಷ್ಟು ಹೆಚ್ಚು ಹಿಡಿತ ದೊರೆಯುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಮುಂದಿನ ಬ್ರೇಕಿಗೆ ಹೆದರಿ ಇಳಿಜಾರಿನುದ್ದಕ್ಕೂ ಹಿಂದಿನದನ್ನೇ ಹಿಡಿದಿರುವ ಹೊಸಬರಿಗೆ ಹಿಂದೆಯೂ ಹಗುರ ರೋಟರ್ ಸಲ್ಲದು. ಆದುದರಿಂದ ಗ್ರಾಹಕನ ತೂಕದೊಡನೆ ಅವನ ರೂಢಿಯನ್ನೂ ಕೇಳಿ ತಿಳಿಯುವುದು ಲೇಸು.

ಜೋಡಣೆಯಲ್ಲಿ ಆರು ಬೋಲ್ಟಿನದು ಹಾಗೂ ಶಿಮಾನೋದ ಸೆಂಟರ್‌ಲಾಕ್ ಎಂಬ ಎರಡು ಬಗೆಗಳು ಮುಖ್ಯ. ಫೋರ್ಕಿಗೆ ತಯಾರಕರು ನಿಗದಿಪಡಿಸಿದ ಗರಿಷ್ಠ ವ್ಯಾಸವನ್ನು ಮೀರಬಾರದು. ಕೆಲವು ರೋಟರ್‌ಗಳು ರೆಸಿನ್ ಪ್ಯಾಡ್‌ಗೆ ಮಾತ್ರ ಮೀಸಲು. ಲೋಹದ ಪ್ಯಾಡ್ ಹಾಕಿದರೆ ಬೇಗನೆ ಸವೆಯುತ್ತವೆ. ಶಿಮಾನೋ ರೋಟರ್ ಹೊಸದರಲ್ಲಿ 1.8 ಮಿಲಿಮೀಟರ್ ದಪ್ಪವಿದ್ದು 1.5ಕ್ಕೆ ಇಳಿದಾಗ ಬದಲಿಸತಕ್ಕದ್ದು. ಅಂಗಡಿಯಲ್ಲಿ ಒಂದು ಮೈಕ್ರೋಮೀಟರ್ ಇದ್ದರೆ ಈ ಮಾತಿಗೆ ವಾದವೇ ಉಳಿಯದು.

ಲೇಸರ್ ಕಟಿಂಗ್ ಸೌಲಭ್ಯವುಳ್ಳ ಸಣ್ಣ ಕೈಗಾರಿಕೆಗಳಿಗೆ ರೋಟರ್‌ನ ಆಕಾರವನ್ನು ಕತ್ತರಿಸಿ ತೆಗೆಯುವುದು ಸುಲಭ. ಕಷ್ಟವಿರುವುದು ತುಕ್ಕುರಹಿತ ಉಕ್ಕಿನ ಹೀಟ್ ಟ್ರೀಟ್‌ಮೆಂಟ್‌ನಲ್ಲಿ ಮತ್ತು ಆನಂತರದ ಗ್ರೈಂಡಿಂಗ್‌ನಲ್ಲಿ. ಪ್ಯಾಡ್‌ಗೂ ರೋಟರ್‌ಗೂ ನಡುವಿನ ಅಂತರ ಮಿಲಿಮೀಟರಿನ ಕೆಲವೇ ಹತ್ತನೇ ಅಂಶ. ತಟ್ಟೆ ಅಷ್ಟು ಬಾಗಿದರೂ ಉಜ್ಜತೊಡಗುತ್ತದೆ. ಸಿದ್ಧ ರೋಟರ್‌ಗೆ ಹೆಚ್ಚುವರಿ ರಂಧ್ರ ಕೊರೆದು ಹಗುರಗೊಳಿಸುವ ಕೆಲಸವನ್ನಂತೂ ಯಾರೂ ಒಪ್ಪಿಕೊಳ್ಳಬಾರದು.

ಇದಕ್ಕೆ ಕಾನೂನಿನ ಕಾರಣವೂ ಇದೆ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವಿದೆ. ಹಾನಿಗೆ ಕಾರಣವಾಗುವಂತೆ ವಸ್ತುವನ್ನು ಮಾರ್ಪಡಿಸಿದ, ಜೋಡಣೆಯಲ್ಲಿ ಎಚ್ಚರ ತಪ್ಪಿದ ಅಥವಾ ತಯಾರಕರ ಸೂಚನೆಯನ್ನು ಗ್ರಾಹಕನಿಗೆ ತಲುಪಿಸದ ವರ್ತಕನೂ ಅದರ ಅನ್ವಯ ಹೊಣೆಗಾರನಾಗಬಹುದು. ಬಿಲ್ಲಿನಲ್ಲಿ ರೋಟರ್‌ನ ಮಾದರಿ, ವ್ಯಾಸ ಮತ್ತು ಪ್ಯಾಡಿನ ಬಗೆಯನ್ನು ನಮೂದಿಸಿ, ಪೆಟ್ಟಿಗೆಯೊಳಗಿನ ಸೂಚನಾಪತ್ರವನ್ನು ಗ್ರಾಹಕನ ಕೈಗೇ ಕೊಡುವುದು ಒಳ್ಳೆಯದು. ಹೊಸ ರೋಟರ್ ಹಾಕಿದೊಡನೆ ಇಳಿಜಾರಿಗೆ ಹೋಗದೆ, ಸಮತಟ್ಟಾದ ರಸ್ತೆಯಲ್ಲಿ ಇಪ್ಪತ್ತು ಬಾರಿಯಾದರೂ ವೇಗ ತಗ್ಗಿಸಿ ಪ್ಯಾಡನ್ನು ಹೊಂದಿಸಿಕೊಳ್ಳಬೇಕೆಂಬುದನ್ನು ಬಾಯಿಮಾತಿನಲ್ಲಿಯೂ ತಿಳಿಸಬೇಕು.