ಶಿವರಾಮ ಕಾರಂತರ ಬಾಲಜ್ಞಾನ ಸಾಹಿತ್ಯ: ಜಾನಪದದ ಕಡೆಯಿಂದ ಒಂದು ನೋಟ

ಕೋಟ ಶಿವರಾಮ ಕಾರಂತರ (1902–1997) ಬರವಣಿಗೆಯನ್ನು ಕುರಿತು ಕನ್ನಡದಲ್ಲಿ ನಡೆದಿರುವ ಚರ್ಚೆಯ ಬಹುಪಾಲು ಕಾದಂಬರಿಗಳ ಸುತ್ತಲೇ ನಿಂತಿದೆ. ‘ಚೋಮನ ದುಡಿ’ (1933), ‘ಮರಳಿ ಮಣ್ಣಿಗೆ’, ‘ಬೆಟ್ಟದ ಜೀವ’, ‘ಮೂಕಜ್ಜಿಯ ಕನಸುಗಳು’ (1968) ಮೊದಲಾದ ಕೃತಿಗಳ ಮಹತ್ವ ನಿರ್ವಿವಾದ. 1977ರ ಜ್ಞಾನಪೀಠ ಪ್ರಶಸ್ತಿಯೂ ಆ ದಿಕ್ಕಿನಲ್ಲೇ ಓದುಗರ ಗಮನವನ್ನು ಗಟ್ಟಿಗೊಳಿಸಿತು. ನಲವತ್ತಕ್ಕೂ ಹೆಚ್ಚು ಕಾದಂಬರಿಗಳ ಜೊತೆಗೆ ಅವರು ನಾಟಕ, ಪ್ರವಾಸಕಥನ, ಆತ್ಮಕಥನ, ನಿಘಂಟು, ಶಿಲ್ಪ ಮತ್ತು ಚಿತ್ರಕಲೆಗಳ ಪರಿಚಯ, ಯಕ್ಷಗಾನ ಸಂಶೋಧನೆ ಇವೆಲ್ಲವನ್ನೂ ಬರೆದರು. ಈ ಪಟ್ಟಿಯ ತುದಿಯಲ್ಲಿ, ಹೆಚ್ಚಾಗಿ ‘ಇತರೆ’ ಎಂಬ ಶೀರ್ಷಿಕೆಯಡಿ, ಎಳೆಯರಿಗಾಗಿ ಅವರು ರಚಿಸಿದ ಜ್ಞಾನಗ್ರಂಥಗಳು ಕಾಣಿಸಿಕೊಳ್ಳುತ್ತವೆ. ಈ ‘ಇತರೆ’ಯನ್ನು ಪ್ರಧಾನವಾಗಿಟ್ಟುಕೊಂಡು ಉಳಿದುದನ್ನು ನೋಡಿದರೆ ಏನು ಕಾಣುತ್ತದೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಮೂರು ಸಂಪುಟಗಳ ‘ಬಾಲ ಪ್ರಪಂಚ’ ಹೊರಬಂದುದು 1936ರಲ್ಲಿ. ಆ ಕಾಲದ ಸನ್ನಿವೇಶವನ್ನು ನೆನೆಯದೆ ಈ ಸಾಹಸದ ತೂಕ ತಿಳಿಯದು. ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು; ದಕ್ಷಿಣ ಕನ್ನಡ ಮದ್ರಾಸು ಪ್ರಾಂತಕ್ಕೆ ಸೇರಿತ್ತು. ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನಲ್ಲಿ 1918ರಷ್ಟು ಹಿಂದೆಯೇ ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿದ್ದರು, ಆದರೆ ಅದು ಬಹುಕಾಲ ಬಾಳಲಿಲ್ಲ. ಕರಾವಳಿಯಲ್ಲಿ ಪಂಜೆ ಮಂಗೇಶರಾಯರು ಮಕ್ಕಳ ಹಾಡು ಮತ್ತು ಕಥೆಗಳಿಗೆ ಒಂದು ನೆಲೆ ಕಲ್ಪಿಸಿದ್ದರು. ಆದರೆ ಆಕಾಶ, ಭೂಮಿ, ಸಸ್ಯ, ಪ್ರಾಣಿ, ಮನುಷ್ಯನ ಬದುಕು ಎಲ್ಲವನ್ನೂ ಒಂದೆಡೆ ತಂದು ಎಳೆಯರ ಕೈಗೆ ಕೊಡುವ ಸಚಿತ್ರ ಗ್ರಂಥ, ಇಂಗ್ಲಿಷಿನಲ್ಲಿ ಆರ್ಥರ್ ಮೀ ಸಂಪಾದಿಸಿದ ಬಗೆಯದು, ನಮ್ಮಲ್ಲಿರಲಿಲ್ಲ. ವಿಶ್ವವಿದ್ಯಾಲಯದ ಆಸರೆಯಾಗಲಿ ಸಂಪಾದಕ ಮಂಡಲಿಯಾಗಲಿ ಇಲ್ಲದೆ, ಮೂವತ್ತನಾಲ್ಕರ ಹರೆಯದ ಒಬ್ಬ ಲೇಖಕ ಪುತ್ತೂರಿನಲ್ಲಿ ಕುಳಿತು ಅದಕ್ಕೆ ಕೈಹಾಕಿದರು. ಅಚ್ಚುಮೊಳೆಯ ಆ ದಿನಗಳಲ್ಲಿ ಒಂದೊಂದು ಚಿತ್ರಕ್ಕೂ ಪ್ರತ್ಯೇಕ ಬ್ಲಾಕು ಮಾಡಿಸಬೇಕಿತ್ತೆಂಬುದನ್ನು ಇಂದಿನ ಓದುಗರಿಗೆ ನೆನಪಿಸಬೇಕಾಗುತ್ತದೆ. ಮುಂದೆ ನಿರಂಜನರ ಪ್ರಧಾನ ಸಂಪಾದಕತ್ವದಲ್ಲಿ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಬಂದಾಗ ಅದರ ಹಿಂದೆ ಅನೇಕ ಲೇಖಕರಿದ್ದರು.

‘ಬಾಲ ಪ್ರಪಂಚ’ಕ್ಕೆ ಕಾರಂತರು ನಿಲ್ಲಲಿಲ್ಲ. 1941ರಲ್ಲಿ ‘ಸಿರಿಗನ್ನಡ ಅರ್ಥಕೋಶ’ ಬಂತು. ರೇಚಲ್ ಕಾರ್ಸನ್ ಅವರ ಕಡಲನ್ನು ಕುರಿತ ಗ್ರಂಥವನ್ನು ‘ನಮ್ಮ ಸುತ್ತಲಿನ ಕಡಲು’ ಎಂದು ಕನ್ನಡಿಸಿದರು. ಅರುವತ್ತರ ದಶಕದ ಆಸುಪಾಸಿನಲ್ಲಿ, ತುಸು ಬೆಳೆದ ಓದುಗರಿಗಾಗಿ, ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಸಿದ್ಧವಾಯಿತು. ಪುಟ್ಟ ಮಕ್ಕಳಿಗೆ ‘ಢಂ ಢಂ ಢೋಲು’ವಿನಂಥ ಕಥೆಗಳೂ ಇವೆ, ಅವುಗಳ ಚರ್ಚೆ ಇಲ್ಲಿ ಅಪ್ರಸ್ತುತ.

ಜಾನಪದದ ವಿದ್ಯಾರ್ಥಿಗೆ ಇದರಲ್ಲೇನು ಕೆಲಸ ಎಂದು ಕೇಳಬಹುದು. ಮಗುವಿನ ‘ಏಕೆ?’ ಎಂಬ ಪ್ರಶ್ನೆಗೆ ಉತ್ತರಿಸುವ ಹೊಣೆ ನಮ್ಮ ಸಮಾಜದಲ್ಲಿ ಶತಮಾನಗಳ ಕಾಲ ಅಜ್ಜಿಯದಾಗಿತ್ತು. ಅಳಿಲಿನ ಬೆನ್ನ ಮೇಲೆ ಗೆರೆ ಏಕೆ ಎಂದರೆ ರಾಮ ಕೈಯಾಡಿಸಿದ ಎಂಬುದು ಉತ್ತರ. ನಾವು ಇದನ್ನು ಕಾರಣಕಥೆ ಎಂದು ವರ್ಗೀಕರಿಸಿ ಸಂಗ್ರಹಿಸುತ್ತೇವೆ. ಕಾರಂತರ ಪುಸ್ತಕಗಳು ಅದೇ ಪ್ರಶ್ನೆಯನ್ನು ಎತ್ತಿಕೊಂಡು ಅಜ್ಜಿಯ ಸ್ಥಾನದಲ್ಲಿ ಕುಳಿತವು. ಉತ್ತರ ಮಾತ್ರ ಪ್ರತ್ಯಕ್ಷ ಪ್ರಮಾಣದ್ದು. ಹಾಗೆಂದು ಅವರು ಜನಪದರ ತಿಳಿವನ್ನು ತಿರಸ್ಕರಿಸಿದವರಲ್ಲ. ತಾಳೆಗರಿಯ ಪ್ರಸಂಗಗಳನ್ನು ಹುಡುಕಿಕೊಂಡು ಕರಾವಳಿಯ ಮನೆಮನೆ ತಿರುಗಿ, 1957ರಲ್ಲಿ ‘ಯಕ್ಷಗಾನ ಬಯಲಾಟ’ವನ್ನು ಪ್ರಕಟಿಸಿದವರೂ ಅವರೇ. 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅವರಿಗೆ ಸಂದುದು ಕಾದಂಬರಿಗಲ್ಲ, ಈ ಸಂಶೋಧನೆಗೆ.

ಈ ಎರಡು ಕೆಲಸಗಳನ್ನು ಬೇರೆಬೇರೆ ಕಪಾಟುಗಳಲ್ಲಿಡುವುದು ನಮ್ಮ ರೂಢಿ. ನನ್ನ ಅಭಿಪ್ರಾಯದಲ್ಲಿ ಅವುಗಳ ಹಿಂದೆ ಇರುವುದು ಒಂದೇ ಮನೋಧರ್ಮ: ವಿಸ್ತಾರವಾದುದನ್ನು ಕೂಡಿಹಾಕುವುದು, ಸಾರವೆಂದು ತೋರಿದುದನ್ನು ಆರಿಸುವುದು, ಉಳಿದುದನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸುವುದು. ಬಾಲಜ್ಞಾನಕೋಶಕ್ಕೆ ಇದು ಬೇಕೇಬೇಕಾದ ಗುಣ. ಇದೇ ಗುಣ ‘ಯಕ್ಷರಂಗ’ದ ಪ್ರಯೋಗಗಳಲ್ಲಿ ಇಡೀ ರಾತ್ರಿಯ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿತು, ಮಾತುಗಾರಿಕೆಯನ್ನು ಬದಿಗೊತ್ತಿತು, ಪಿಟೀಲು ಮತ್ತು ಸ್ಯಾಕ್ಸೋಫೋನುಗಳನ್ನು ತಂದಿತು. ಅಲ್ಲಿ ಅದು ಕಟು ಟೀಕೆಗೆ ಒಳಗಾಯಿತು. ಟೀಕೆಯಲ್ಲಿ ಹುರುಳಿಲ್ಲದೆ ಇಲ್ಲ. ಮಗುವಿಗೆ ಸಾರ ಸಾಕು. ಬಯಲಿನಲ್ಲಿ ಬೆಳಗಿನವರೆಗೆ ಕೂರುವ ಪ್ರೇಕ್ಷಕನಿಗೆ ಅರ್ಥಗಾರಿಕೆಯ ವಿಸ್ತಾರವೇ ಆಟ. ಕಾರಂತರ ಯಕ್ಷಗಾನ ಪರಿಷ್ಕಾರವನ್ನು ಕುರಿತ ವಾಗ್ವಾದವನ್ನು ಕಲೆಯ ಪರಿಭಾಷೆಯಲ್ಲಷ್ಟೇ ನಡೆಸುವ ಬದಲು ಈ ಕೋಶಕಾರ ಮನಸ್ಸಿನೊಂದಿಗೆ ಜೋಡಿಸಿ ನೋಡುವುದು ಯುಕ್ತ.

ಭಾಷೆಯ ಸಮಸ್ಯೆಯೂ ಗಮನಾರ್ಹ. ವಿಜ್ಞಾನವನ್ನು ಕನ್ನಡದಲ್ಲಿ ಹೇಳುವವನ ಎದುರಿಗೆ ಮೂರು ದಾರಿಗಳಿರುತ್ತವೆ: ಸಂಸ್ಕೃತದಿಂದ ಪದ ಕಟ್ಟುವುದು, ಇಂಗ್ಲಿಷನ್ನೇ ಉಳಿಸಿಕೊಳ್ಳುವುದು, ಅಥವಾ ಊರಿನ ಹೆಸರನ್ನು ಹಿಡಿಯುವುದು. ಮೂರನೆಯದು ಸುಲಭವೆಂದು ತೋರಿದರೂ ಹಾಗಿಲ್ಲ. ಒಂದೇ ಹಕ್ಕಿ ಒಂದೆಡೆ ಕೆಂಬೂತ, ಇನ್ನೊಂದೆಡೆ ಸಂಬಾರಗಾಗೆ, ತುಳುವರಿಗೆ ಕುಪ್ಪುಲು. ಮುಂಜಾನೆ ಅದನ್ನು ಕಂಡರೆ ಶುಭವೆನ್ನುವವರಿಗೆ ರತ್ನಪಕ್ಷಿ. ಯಾವ ಹೆಸರನ್ನು ಆರಿಸಿದರೂ ಒಂದು ಸೀಮೆಯ ಮಗುವಿಗೆ ಅದು ಪರಕೀಯ. ರತ್ನಪಕ್ಷಿ ಎಂದರಂತೂ ಹೆಸರಿನ ಜೊತೆಗೆ ಒಂದು ನಂಬಿಕೆಯೂ ಪಾಠದೊಳಕ್ಕೆ ಬರುತ್ತದೆ. ಕೋಶಕಾರ ಮಾಡಿಕೊಂಡ ಇಂಥ ಆಯ್ಕೆಗಳನ್ನು ಒಂದೊಂದಾಗಿ ಗುರುತಿಸುವ ಅಧ್ಯಯನ ನಡೆದರೆ ಕನ್ನಡ ಪರಿಭಾಷೆಯ ಚರಿತ್ರೆಗೂ ಪ್ರಾದೇಶಿಕ ಪದಕೋಶಕ್ಕೂ ಸಾಮಗ್ರಿ ದೊರೆತೀತು.

ಅಧ್ಯಯನಕ್ಕೆ ಪ್ರತಿಗಳು ಉಳಿದಿರಬೇಕಷ್ಟೆ. ಕ್ಷೇತ್ರಕಾರ್ಯಕ್ಕೆ ಹೋದಾಗ ಕರಾವಳಿಯ ಒಂದು ಹಳೆಯ ಶಾಲೆಯ ಕಪಾಟಿನಲ್ಲಿ ‘ವಿಜ್ಞಾನ ಪ್ರಪಂಚ’ದ ಬಿಡಿ ಸಂಪುಟವೊಂದು ವಿಲೇವಾರಿಯ ಕಟ್ಟಿನಲ್ಲಿದ್ದುದನ್ನು ಕಂಡಿದ್ದೇನೆ. ಹಳತಾದ ವಿಜ್ಞಾನ ಎಂಬುದು ಕಾರಣ. ಕಾರಣ ಸುಳ್ಳಲ್ಲ. ‘ಬಾಲ ಪ್ರಪಂಚ’ ಅಚ್ಚಾದಾಗ ಪರಮಾಣು ವಿದಳನ (1938) ಇನ್ನೂ ಪತ್ತೆಯಾಗಿರಲಿಲ್ಲ. ‘ವಿಜ್ಞಾನ ಪ್ರಪಂಚ’ದ ಹೊತ್ತಿಗೆ ಮನುಷ್ಯ ಚಂದ್ರನ ಮೇಲೆ (1969) ಇಳಿದಿರಲಿಲ್ಲ, ಭೂಫಲಕಗಳ ಸಿದ್ಧಾಂತ ನೆಲೆಗೊಂಡಿರಲಿಲ್ಲ. ಇವುಗಳನ್ನು ಇಂದಿನ ವಿದ್ಯಾರ್ಥಿಗೆ ಪಠ್ಯವಾಗಿ ಕೊಡಲಾಗದು. ಆದರೆ 1936ರಲ್ಲಿ ಒಂದು ಕನ್ನಡ ಮಗುವಿಗೆ ಜಗತ್ತು ಯಾವ ಮಾತಿನಲ್ಲಿ, ಯಾವ ಚಿತ್ರಗಳಲ್ಲಿ ತಲುಪಿತು ಎಂಬುದಕ್ಕೆ ಇವೇ ಮೂಲ ಆಕರ. ಗ್ರಂಥಾಲಯಗಳು ಈ ಸಂಪುಟಗಳನ್ನು ಬಾಲವಿಜ್ಞಾನ ವಿಭಾಗದಿಂದ ತೆಗೆಯುವಾಗ ಪರಾಮರ್ಶನ ವಿಭಾಗಕ್ಕೆ ವರ್ಗಾಯಿಸಬೇಕು. ಸೂಚಿಯಲ್ಲಿ ಮುದ್ರಣದ ವರ್ಷವನ್ನೂ, ಬಿಡಿ ಸಂಪುಟವಾಗಿದ್ದರೆ ಅದರ ಸಂಖ್ಯೆಯನ್ನೂ ತಪ್ಪದೆ ನಮೂದಿಸಬೇಕು. ಮೂರೂ ಸಂಪುಟಗಳು ಒಂದೇ ಕಡೆ ಸಿಗದಿದ್ದರೂ, ಯಾವುದು ಎಲ್ಲಿದೆ ಎಂಬುದಾದರೂ ಆಗ ಸಂಶೋಧಕನಿಗೆ ತಿಳಿಯುತ್ತದೆ.