ಕೊತ್ತಂಬರಿ ಬೀಜದಷ್ಟು ಗಾಯ!

ಅಡುಗೆಮನೆಯಿಂದ ಒಂದು ಕೊತ್ತಂಬರಿ ಬೀಜ ತಂದು ಅಂಗೈ ಮೇಲೆ ಇಟ್ಟುಕೊಳ್ಳಿ. ನೋಡಿದಿರಾ? ಗಾಯ ಅಷ್ಟೇ! ಅಗಲ 3.5 ಮಿಲಿಮೀಟರ್. ಮೊಣಕೈ ಕೆಳಗೆ, ವೈದ್ಯರೇ ಬೇಕೆಂದು ಮಾಡಿದ್ದು.

ಈಗ ಹೇಳಿ, ಇದು ಮಾಯಲು ಎಷ್ಟು ದಿನ ಬೇಕು? ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಲೆಕ್ಕ ಅಂದಿರಾ? ಮನೆಯ ಚಿಂತೆ ತೋಳಿನ ಚರ್ಮಕ್ಕೆ ಹೇಗೆ ಗೊತ್ತಾಗಬೇಕು ಅಂದಿರಾ?

ಗೊತ್ತಾಗುತ್ತದೆ! ಚೆನ್ನಾಗಿಯೇ ಗೊತ್ತಾಗುತ್ತದೆ!

ಅದನ್ನು ತೋರಿಸಿದ್ದು ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡ. ಅದರಲ್ಲಿ ಒಂದು ದಂಪತಿ. ಹೆಂಡತಿ ಜಾನಿಸ್ ಕೀಕೋಲ್ಟ್-ಗ್ಲೇಸರ್, ಮನಃಶಾಸ್ತ್ರಜ್ಞೆ. ಗಂಡ ರೊನಾಲ್ಡ್ ಗ್ಲೇಸರ್, ರೋಗನಿರೋಧಕ ಶಕ್ತಿಯನ್ನು ಅಭ್ಯಸಿಸಿದವರು. ಮನಸ್ಸಿನ ಪಾಲು ಅವರದು, ಮೈಯ ಪಾಲು ಇವರದು!

ಅವರು ಕರೆತಂದದ್ದು 13 ಹೆಂಗಸರನ್ನು. ಎಲ್ಲರೂ ಮರೆವಿನ ಕಾಯಿಲೆಯ ಬಂಧುವೊಬ್ಬರ ಆರೈಕೆಯಲ್ಲಿ ಮುಳುಗಿದವರು. ಜೊತೆಗೆ ಅದೇ ವಯಸ್ಸಿನ, ಅಷ್ಟೇ ಆದಾಯದ, ಆದರೆ ಆ ಹೊರೆಯಿಲ್ಲದ ಇನ್ನೂ 13 ಮಂದಿ. ಎಲ್ಲರ ತೋಳಿಗೂ ಒಂದೇ ಅಳತೆಯ ಗಾಯ.

ಮಾಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ನನಗೆ ಬಹಳ ಹಿಡಿಸಿದ್ದು ಇದೇ! ಗಾಯದ ಫೋಟೊ ತೆಗೆದರು. ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ನೋಡಿದರು. ಬುಸ್ಸೆಂದು ನೊರೆ ಬಂತೇ? ಇನ್ನೂ ಮಾಯಬೇಕು. ನೊರೆ ಇಲ್ಲವೇ? ಮಾಯಿತು! ಚಿಕ್ಕಂದಿನಲ್ಲಿ ಮಂಡಿ ತರಚಿಕೊಂಡು ಕಾಂಪೌಂಡರ್ ಮುಂದೆ ಕೂತವರಿಗೆ ಆ ನೊರೆ ನೆನಪಿದ್ದೇ ಇರುತ್ತದೆ.

ನೊರೆ ನಿಲ್ಲಲು ಹೊರೆಯಿಲ್ಲದವರಿಗೆ ಸರಾಸರಿ 39.3 ದಿನ ಹಿಡಿಯಿತು. ಆರೈಕೆ ಮಾಡುವವರಿಗೆ? ಊಹಿಸಿ. ಒಂದು ದಿನ ಜಾಸ್ತಿ? ಎರಡು?

48.7 ದಿನ! ಒಂಬತ್ತು ದಿನ ಹೆಚ್ಚು! ಒಂದು ಕೊತ್ತಂಬರಿ ಬೀಜದಷ್ಟು ಗಾಯಕ್ಕೆ! 1995ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆ ಇದನ್ನು ಪ್ರಕಟಿಸಿತು.

ಅವರದು ವರ್ಷಗಟ್ಟಲೆ ಹೊತ್ತ ಭಾರ, ಬಿಡಿ, ಅನ್ನುತ್ತೀರಾ? ಹಾಗಾದರೆ ಬರೀ ಒಂದು ಪರೀಕ್ಷೆ ಏನು ಮಾಡೀತು?

1998ರ ಪ್ರಯೋಗ ಕೇಳಿ. ದಂತವೈದ್ಯಕೀಯ ಓದುತ್ತಿದ್ದ 11 ವಿದ್ಯಾರ್ಥಿಗಳು. ಗಾಯ ಈ ಸಲ ಬಾಯೊಳಗೆ, ಅಂಗುಳದಲ್ಲಿ! ಒಂದು ಪಕ್ಕಕ್ಕೆ ಬೇಸಿಗೆ ರಜೆಯಲ್ಲಿ. ಇನ್ನೊಂದು ಪಕ್ಕಕ್ಕೆ ಪರೀಕ್ಷೆಗೆ 3 ದಿನ ಮುಂಚೆ. ಅದೇ ಹುಡುಗ, ಅದೇ ಹುಡುಗಿ, ಅದೇ ಬಾಯಿ! ಬದಲಾದದ್ದು ತಲೆಯೊಳಗಿನ ಟೆನ್ಷನ್.

ಪರೀಕ್ಷೆಯ ಗಾಯ ಮಾಯಲು ಶೇ. 40ರಷ್ಟು ಹೆಚ್ಚು ಕಾಲ ಬೇಕಾಯಿತು. ಸರಾಸರಿ ಮೂರು ದಿನ ತಡ! ಹನ್ನೊಂದೇ ಜನ, ಸಣ್ಣ ಸಂಖ್ಯೆ, ನಿಜ. ಆದರೆ ಆ ಹನ್ನೊಂದರಲ್ಲಿ ಪರೀಕ್ಷೆಯ ಹೊತ್ತಿಗೆ ರಜೆಯಷ್ಟೇ ಬೇಗ ಗಾಯ ಮಾಯಿಸಿಕೊಂಡವರು ಎಷ್ಟು ಮಂದಿ ಗೊತ್ತೇ?

ಒಬ್ಬರೂ ಇಲ್ಲ!

ಒಳಗೆ ಏನಾಗುತ್ತದೆ? ಗಾಯವಾದ ಕೂಡಲೇ ದೇಹ ‘ಇಲ್ಲಿಗೆ ಬನ್ನಿ’ ಎಂದು ರಿಪೇರಿ ಕೋಶಗಳನ್ನು ಕೂಗಿ ಕರೆಯುತ್ತದೆ. ಆ ಕೂಗಿನ ಹೆಸರೇ ಸೈಟೊಕೈನ್. ಒತ್ತಡದಲ್ಲಿ ಏರುವ ಕಾರ್ಟಿಸಾಲ್ ಹಾರ್ಮೋನು ಆ ಕೂಗನ್ನೇ ಅಡಗಿಸುತ್ತದೆ!

ಮುಂದೆ 42 ದಂಪತಿಗಳ ಸರದಿ. ತೋಳಿನ ಮೇಲೆ ಪುಟ್ಟ ಗುಳ್ಳೆ ಎಬ್ಬಿಸಿ, ಮನೆಯಲ್ಲಿ ಜಗಳ ತರುವ ವಿಷಯವನ್ನೇ ಮಾತಾಡಿ ಅಂದರು! 2005ರಲ್ಲಿ ಉತ್ತರ ಹೊರಬಿತ್ತು. ಕಟುವಾಗಿ ಕಚ್ಚಾಡಿಕೊಂಡ ಜೋಡಿಗಳ ಗಾಯ ಮಾಯುವ ವೇಗ, ಮೆದುವಾಗಿ ಮಾತಾಡಿದವರ ವೇಗದ ಶೇ. 60 ಮಾತ್ರ. ಆಡಿದ ಮಾತು ತೋಳಿಗೆ ಇಳಿದಿತ್ತು!

ಹಾಗಾದರೆ ಮಾಯುವುದನ್ನು ಚುರುಕು ಮಾಡಲೂ ಬರುತ್ತದೆಯೇ? ಇಲ್ಲಿದೆ ನೋಡಿ, ನನ್ನ ನಿದ್ದೆ ಕೆಡಿಸಿದ ಪ್ರಯೋಗ!

ನ್ಯೂಜಿಲೆಂಡಿನ ಆಕ್ಲೆಂಡ್. ಆರೋಗ್ಯವಾಗಿದ್ದ 49 ಹಿರಿಯರು. ಕಿರಿಯರಿಗೆ 64, ಎಲ್ಲರಿಗಿಂತ ಹಿರಿಯರಿಗೆ 97! ಅರ್ಧದಷ್ಟು ಜನರಿಗೆ ಕೊಟ್ಟದ್ದು ಕಾಗದ, ಪೆನ್ನು. ಬದುಕಿನಲ್ಲಿ ಬಹಳ ನೋಯಿಸಿದ ಸಂಗತಿಯನ್ನು ಮನಬಿಚ್ಚಿ ಬರೆಯಿರಿ ಅಂದರು. ದಿನಕ್ಕೆ 20 ನಿಮಿಷ. ಮೂರೇ ದಿನ. ಉಳಿದವರು ಬರೆದದ್ದು ದಿನಚರಿಯ ಸಪ್ಪೆ ವಿವರ.

ಎರಡು ವಾರ ಕಳೆಯಿತು. ಆಮೇಲೆ ತೋಳಿಗೆ ಗಾಯ ಮಾಡಿದರು. ಗಮನಿಸಿ, ಬರೆದದ್ದು ಮೊದಲು, ಗಾಯ ಆಮೇಲೆ!

ಹನ್ನೊಂದನೆಯ ದಿನ ನೋಡಿದರೆ, ದಿನಚರಿ ಬರೆದವರಲ್ಲಿ ಗಾಯದ ಮೇಲೆ ಹೊಸ ಚರ್ಮ ಪೂರ್ತಿ ಮುಚ್ಚಿದ್ದು ಶೇ. 42 ಜನರಿಗೆ. ನೋವು ಬರೆದವರಲ್ಲಿ?

ಶೇ. 76!

ಬರೆದದ್ದನ್ನು ಊರಿಗೆ ಓದಿ ಹೇಳಬೇಕಿರಲಿಲ್ಲ. ಚೆನ್ನಾಗಿ ಬರೆಯಬೇಕೆಂಬ ನಿಯಮವೂ ಇರಲಿಲ್ಲ. 2013ರಲ್ಲಿ ಇದು ಪ್ರಕಟವಾಯಿತು, ನಾನು ಓದಿ ನನ್ನ ತೋಳನ್ನೇ ಸವರಿ ನೋಡಿಕೊಂಡೆ.

ಈಗ ಆ 13 ಹೆಂಗಸರನ್ನು ಮತ್ತೆ ನೆನೆಯಿರಿ. ಅಂಥವರೊಬ್ಬರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದಾರು. ಮಾವನಿಗೆ ಮೂರನೇ ಸಲ ಊಟ ಬಡಿಸಿ, ‘ಊಟವೇ ಕೊಟ್ಟಿಲ್ಲ’ ಎಂದು ಬೈಸಿಕೊಳ್ಳುತ್ತಿರುವ ಸೊಸೆ. ಅಮ್ಮ ಬಾಗಿಲು ತೆಗೆದು ಹೊರಗೆ ಹೋದಾರೆಂದು ನಿದ್ದೆ ಬಿಟ್ಟ ಮಗಳು. ಈ ಭಾನುವಾರ ಅವರ ಮನೆಗೆ ಹೋಗಿ. ‘ಸಂಜೆವರೆಗೆ ನಾನು ನೋಡಿಕೊಳ್ಳುತ್ತೇನೆ, ನೀವು ಹೊರಗೆ ಹೋಗಿ ಬನ್ನಿ’ ಅನ್ನಿ.