ಗಂಜಲ ಕೆಂಪಾದರೆ ಕೋಸಿನ ಕಡೆಗೂ ನೋಡಿ

ಹೊಸೂರು, ಬಾಗಲೂರು, ತಳಿ, ಕೆಲಮಂಗಲದ ಸುತ್ತಿನ ನಮ್ಮ ರೈತಬಾಂಧವರಿಗೆ ಎಲೆಕೋಸು ಹೊಸ ಬೆಳೆಯಲ್ಲ. ದರ ಬಿದ್ದಾಗ ಗಾಡಿ ಬಾಡಿಗೆಯೂ ಹುಟ್ಟುವುದಿಲ್ಲವೆಂದು ಕೋಸನ್ನೆಲ್ಲ ಹಸುವಿನ ಮುಂದೆ ಸುರಿಯುತ್ತೇವೆ. ಹಸುವೂ ಆಸೆಯಿಂದ ತಿನ್ನುತ್ತದೆ. ಹೀಗೆ ಒಂದೆರಡು ವಾರ ಕೋಸನ್ನೇ ತಿಂದ ಹಸುವಿನ ಗಂಜಲ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಬಹುದು.

ಕಾರಣ ಗಂಧಕದಲ್ಲಿದೆ. ಬೂದಿರೋಗಕ್ಕೆ ನಾವು ಬೆಳೆಗೆ ಹೊಡೆಯುವ ಗಂಧಕವೇ ಗಿಡ, ದನ, ಮನುಷ್ಯರ ಜೀವಕೋಶಗಳಲ್ಲಿ ಗ್ಲುಟಾಥಯೋನ್ ಎಂಬ ವಸ್ತುವಿನೊಳಗೆ ಸೇರಿಕೊಂಡಿದೆ. ಇಂಗ್ಲೆಂಡಿನ ವಿಜ್ಞಾನಿ ಹಾಪ್‌ಕಿನ್ಸ್ 1921ರಲ್ಲಿ ಇದಕ್ಕೆ ಆ ಹೆಸರಿಟ್ಟರು. ಆಮ್ಲಜನಕವನ್ನು ಹೊರುವ ಕೆಂಪು ರಕ್ತಕಣಕ್ಕೆ ಆ ಆಮ್ಲಜನಕದಿಂದಲೇ ತುಕ್ಕು ಹಿಡಿದಂತಾಗದ ಹಾಗೆ ಕಾಯುವುದು ಇದರ ಕೆಲಸ.

ಕೋಸಿನಲ್ಲಿ ಬೇರೊಂದು ಗಂಧಕದ ವಸ್ತುವಿದೆ. ಸಾರು ಪಲ್ಯಕ್ಕೆ ಹಾಕಿ ತಿನ್ನುವ ನಮಗೆ ಅದರಿಂದ ಕೇಡಿಲ್ಲ. ಮೆಲುಕು ಹಾಕುವ ಪ್ರಾಣಿಯ ದೊಡ್ಡಹೊಟ್ಟೆಯ ಸೂಕ್ಷ್ಮಜೀವಿಗಳು ಮಾತ್ರ ಅದನ್ನು ವಿಷವಾಗಿ ಮಾರ್ಪಡಿಸುತ್ತವೆ. ಆ ವಿಷವನ್ನು ಎದುರಿಸುವುದರಲ್ಲೇ ಗ್ಲುಟಾಥಯೋನ್ ಬರಿದಾಗಿ, ರಕ್ತಕಣಗಳು ಒಡೆದು, ಅವುಗಳ ಕೆಂಪು ಗಂಜಲಕ್ಕೆ ಇಳಿಯುತ್ತದೆ. ಒಸಡು ಬಿಳಿಚುತ್ತದೆ, ಹಾಲು ಇಳಿಯುತ್ತದೆ, ಹಸು ಏದುಸಿರು ಬಿಡುತ್ತದೆ. ಈರುಳ್ಳಿಯೂ ಹೀಗೆಯೇ. ಅದನ್ನು ಮೇಕೆ ಒಂದಿಷ್ಟು ತಡೆದುಕೊಂಡೀತು, ಹಸು ತಡೆಯದು. ಉಳಿದ ಈರುಳ್ಳಿ ಹುಳಿಯನ್ನು ನಾಯಿಗೆ ಹಾಕುವ ರೂಢಿಯನ್ನೂ ಬಿಡುವುದು ಒಳ್ಳೆಯದು. ಬೇಯಿಸಿದರೂ ಅದರ ವಿಷ ಹೋಗುವುದಿಲ್ಲ.

ಹಾಗೆಂದು ಕೋಸನ್ನು ತಿಪ್ಪೆಗೆ ಎಸೆಯಬೇಕಾಗಿಲ್ಲ. ಮೊದಲು ರಾಗಿ ಹುಲ್ಲು ತಿನ್ನಿಸಿ, ಆಮೇಲೆ ಕೋಸು ಕೊಡಿ. ಸ್ವಲ್ಪದಿಂದ ಆರಂಭಿಸಿ ಹತ್ತು ಹದಿನೈದು ದಿನಗಳಲ್ಲಿ ಹೆಚ್ಚಿಸಿ. ಒಣಮೇವಿನ ಲೆಕ್ಕದಲ್ಲಿ ಕೋಸು ಮೂರನೆಯ ಒಂದು ಪಾಲನ್ನೂ, ಈರುಳ್ಳಿ ಕಾಲು ಪಾಲನ್ನೂ ಮೀರದಿರಲಿ. ಬಲಿತು ಹೂ ಬಿಟ್ಟ ಗಿಡ ಬೇಡ. ಗಂಜಲ ಕೆಂಪಾದ ಕೂಡಲೇ ಕೋಸು ನಿಲ್ಲಿಸಿ ಪಶುವೈದ್ಯರನ್ನು ಕರೆಯಿರಿ. ಉಣ್ಣೆಯಿಂದ ಬರುವ ಜ್ವರದಲ್ಲೂ ಗಂಜಲ ಕೆಂಪಾಗುತ್ತದೆ, ಅದರ ಔಷಧವೇ ಬೇರೆ. ಆದ್ದರಿಂದ ಹಸು ಏನು ತಿಂದಿತೆಂದು ವೈದ್ಯರಿಗೆ ಮರೆಯದೆ ಹೇಳಿ.

ನಮ್ಮ ಪಿತ್ತಜನಕಾಂಗವನ್ನು ಕಾಯುವುದೂ ಇದೇ ಗ್ಲುಟಾಥಯೋನ್. ಜ್ವರಕ್ಕೂ ಮೈಕೈ ನೋವಿಗೂ ನುಂಗುವ ಪ್ಯಾರಸಿಟಮಾಲ್ ಅತಿಯಾದರೆ ಅದು ಬರಿದಾಗುತ್ತದೆ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ, ಅಂದರೆ 500 ಮಿಲಿಗ್ರಾಂನ 8 ಮಾತ್ರೆ, ಮೇಲಿನ ಮಿತಿ. ಕುಡಿಯುವವರಿಗೆ ಅಷ್ಟೂ ಸಲ್ಲದು. ಹೆಚ್ಚು ನುಂಗಿದವರು ಮೊದಲ ದಿನ ಚೆನ್ನಾಗಿಯೇ ಕಾಣುತ್ತಾರೆ. ಅದನ್ನು ನಂಬಿ ಮನೆಯಲ್ಲಿ ಕೂರಬೇಡಿ. ಗ್ಲುಟಾಥಯೋನನ್ನು ಮತ್ತೆ ತುಂಬಿಸುವ ಅಸಿಟೈಲ್ ಸಿಸ್ಟೀನ್ ಎಂಬ ಮದ್ದಿದೆ. ನುಂಗಿದ 8 ಗಂಟೆಗಳೊಳಗೆ ಕೊಟ್ಟರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ತಡವಾದರೂ ದೊಡ್ಡ ಆಸ್ಪತ್ರೆಗೇ ಒಯ್ಯಿರಿ, ಮಾತ್ರೆಯ ಖಾಲಿ ಹಾಳೆಯೂ ಜೊತೆಯಲ್ಲಿರಲಿ.